ಐದರ ಸಾಲುಗಳು

ನನ್ನ ಗಂಡ ಹಾಜಿಮ್ ಕಂಪ್ಯೂಟರ್ ಕಲಿತವನು ಎಂದರೆ ನಮ್ಮ ಆಧಮಿಯಾ ಬಡಾವಣೆಯಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿ ಅವನು ಜನರೇಟರ್ ಹಾಜಿಮ್. ಬಾಗ್ದಾದಿನ ಕರೆಂಟು ಕೈಕೊಟ್ಟ ಕೂಡಲೇ ಬೀದಿಯ ತುದಿಯಲ್ಲಿರುವ ತಗಡಿನ ಶೆಡ್ಡಿಗೆ ಓಡಿ, ಆ ದೊಡ್ಡ ಯಂತ್ರವನ್ನು ಬೈದು, ಒದ್ದು, ಎಬ್ಬಿಸಿ, ಇಡೀ ಬೀದಿಗೆ ದೀಪ ಕೊಡುವವನು ಅವನೇ. ಆ ಗದ್ದಲದ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕಿವಿ ಅರ್ಧ ಹೋಗಿದೆ. ಅಂಗಿಯ ಡೀಸೆಲ್ ವಾಸನೆ ತೆಗೆಯಲು ನಾನು ಹಾಕದ ಸೋಪಿಲ್ಲ. ಬೇಸಿಗೆಯಲ್ಲಿ ಬೀದಿಯ ಹೆಂಗಸರು ಅವನಿಗೆ ಹಿಡಿಶಾಪ ಹಾಕುತ್ತಾರೆ, ಫ್ಯಾನು ತಿರುಗಿದ ಮೇಲೆ ನೂರು ವರ್ಷ ಬಾಳಪ್ಪ ಎನ್ನುತ್ತಾರೆ. ಎರಡನ್ನೂ ಅವನು ಒಂದೇ ಮುಖ ಇಟ್ಟುಕೊಂಡು ಕೇಳುತ್ತಾನೆ. ಕೇಳುತ್ತಾನೆ ಎಂದೆನೇ? ಕೇಳಿಸಿದರೆ ತಾನೆ!

ಈ ಮನುಷ್ಯ ಇಪ್ಪತ್ತರ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ಎಂಬುದಕ್ಕೆ ಈಗ ಉಳಿದಿರುವ ಸಾಕ್ಷಿ ನಾನೊಬ್ಬಳೇ. ಯಾಕೆಂದರೆ ಅವನ ಭುಜಕ್ಕೆ ಭುಜ ತಾಗಿಸಿ ಕೂತು ಬರೆಯುತ್ತಿದ್ದ ಇನ್ನೊಬ್ಬ ನನ್ನ ಅಣ್ಣ ಗಜ್ವಾನ್, ಅವನು ಈಗ ಇಲ್ಲಿಲ್ಲ.

ಇಬ್ಬರೂ ಒಂದೇ ಕಾಲೇಜು, ಒಂದೇ ತರಗತಿ. ಇರಾನಿನ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಅಪ್ಪ ಸಾಯುವ ಮೊದಲು ಅಣ್ಣನಿಗೆ ಕೊಡಿಸಿದ್ದ ಒಂದು ಕಂಪ್ಯೂಟರ್ ಮನೆಯಲ್ಲಿತ್ತು. ಕಂಪ್ಯೂಟರ್ ಎಂದರೆ ಬರೀ ಒಂದು ಕೀಲಿಮಣೆ. ಅದನ್ನು ಟೀವಿಗೆ ಸಿಕ್ಕಿಸಬೇಕು, ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿನ ಮೇಲೆ ಉಳಿಸಬೇಕು. ಪ್ರೋಗ್ರಾಮಿನ ಪ್ರತಿ ಸಾಲಿಗೂ ಒಂದು ಅಂಕಿ. ಹತ್ತು, ಇಪ್ಪತ್ತು, ಮೂವತ್ತು ಎಂದು ನಡುವೆ ಜಾಗ ಬಿಟ್ಟು ಬರೆಯುವುದು ಪದ್ಧತಿ, ಆಮೇಲೆ ಏನಾದರೂ ಹೊಳೆದರೆ ಸೇರಿಸಲು. ನಮ್ಮ ಇಬ್ಬರು ಮಹಾಶಯರು ಅದನ್ನೇ ಪಾಲು ಹಂಚಿಕೊಂಡಿದ್ದರು. ಹತ್ತರ ಸಾಲುಗಳೆಲ್ಲ ಹಾಜಿಮ್‌ನವು. ಹದಿನೈದು, ಇಪ್ಪತ್ತೈದು, ಮೂವತ್ತೈದು, ಹೀಗೆ ನಡುವೆ ತೂರಿಸುವ ಐದರ ಸಾಲುಗಳೆಲ್ಲ ಅಣ್ಣನವು. ಒಬ್ಬರ ಸಾಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಜಗಳ, ಕೀಲಿಮಣೆ ಕಿತ್ತಾಟ, ಅಡುಗೆಮನೆಯಿಂದ ಅಮ್ಮನ ಚಪ್ಪಲಿ ಹಾರಿ ಬರುವುದು.

ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ಪ್ರೋಗ್ರಾಂ ಓಡಿಸುವ ಮೊದಲು ಕ್ಯಾಸೆಟ್ಟಿಗೆ ಉಳಿಸಲೇಬೇಕು. ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ, ಹೋದರೆ ಇಡೀ ದಿನದ ಕೆಲಸ ಮಣ್ಣುಪಾಲು. ಎರಡು ಸಲ ಹಾಗೆ ಕಳೆದುಕೊಂಡು ಅಳುವ ಹಾಗಾಗಿದ್ದ ಅಣ್ಣ. ಆಮೇಲೆ ಅವನ ಬೆರಳು ತಾನಾಗಿಯೇ ಮೊದಲು ಟೇಪ್ ರೆಕಾರ್ಡರಿನ ಕೆಂಪು ಗುಂಡಿಗೆ ಹೋಗುತ್ತಿತ್ತು.

ಅವರು ಬರೆದ ಆಟಗಳಲ್ಲಿ ನನಗೆ ಅರ್ಥವಾಗಿದ್ದು ಒಂದೇ, ಮ್ಹೇಬಿಸ್. ರಂಜಾನ್ ತಿಂಗಳಲ್ಲಿ ಉಪವಾಸ ಬಿಟ್ಟ ಮೇಲೆ ನಮ್ಮ ಬೀದಿಯ ಗಂಡಸರು ಎದುರುಬದುರು ಸಾಲಾಗಿ ಕೂತು ಆಡುವ ಆಟ ಅದು. ಒಂದು ಕಡೆಯವರು ಯಾರದೋ ಮುಷ್ಟಿಯೊಳಗೆ ಉಂಗುರ ಬಚ್ಚಿಡುತ್ತಾರೆ. ಇನ್ನೊಂದು ಕಡೆಯವನು ಎದ್ದು ಬಂದು, ಬರೀ ಮುಖಗಳನ್ನು ಓದಿ, ಅದು ಯಾರ ಯಾವ ಕೈಯಲ್ಲಿದೆ ಎಂದು ಹೇಳಬೇಕು. ನಮ್ಮ ಬೀದಿಗೆ ಮುಖ ಓದುವವನು ಅಣ್ಣ. ದೊಡ್ಡ ದೊಡ್ಡ ಮೀಸೆಯವರ ಎದುರು ನಿಂತು, ತಲೆ ಓರೆ ಮಾಡಿ, ಒಬ್ಬೊಬ್ಬರನ್ನೇ ನೋಡಿ, "ತಾ ಉಂಗುರ!" ಎಂದು ಕೂಗಿದರೆ ಮುಗಿಯಿತು, ಮುಷ್ಟಿ ಬಿಚ್ಚಲೇಬೇಕು. ಅವನ ಕಣ್ಣಿಗೆ ಬಿದ್ದು ಏನನ್ನೂ ಮುಚ್ಚಿಡಲು ಆಗುತ್ತಿರಲಿಲ್ಲ.

ಹಾಜಿಮ್ ಈ ಆಟದಲ್ಲಿ ಶುದ್ಧ ದಡ್ಡ. ಯಾರೇ ಕೂತಿರಲಿ, ಸಾಲಿನ ಕೊನೆಯವನ ಎಡಗೈಯನ್ನೇ ಮೊದಲು ಬಿಚ್ಚಿಸುತ್ತಿದ್ದ.

"ಆ ಎಡಗೈ ಮೇಲೆ ನಿಂಗ್ಯಾಕೋ ಅಷ್ಟು ಪ್ರೀತಿ? ಮದ್ವೆ ಆಗ್ತೀಯೇನೋ ಅದನ್ನ?" ಎಂದು ಅಣ್ಣ ಹಂಗಿಸುತ್ತಿದ್ದ.

"ಒಂದಿನ ಅಲ್ಲೇ ಸಿಗತ್ತೆ, ನೋಡ್ತಿರು," ಎನ್ನುತ್ತಿದ್ದ ಇವನು.

ಟೀವಿಯ ಮೇಲಿನ ಆಟದಲ್ಲಿ ಐದು ಜನ ಕೂತಿರುತ್ತಿದ್ದರು, ಹತ್ತು ಮುಷ್ಟಿ. ಜನರ ಚಿತ್ರ ಬಿಡಿಸಿದ್ದು ಹಾಜಿಮ್, ಉಂಗುರ ಬಚ್ಚಿಡುವ ಕೆಲಸ ಅಣ್ಣನ ಸಾಲುಗಳದು. ಮಷೀನು ಮೊದಲು ಆಡುವವನ ಹೆಸರು ಕೇಳುತ್ತಿತ್ತು. ಆಮೇಲೆ ಮುಷ್ಟಿಯ ಅಂಕಿ. ಅಲ್ಲಿಯೂ ಇವನ ಚಾಳಿ ಬದಲಾಗಲಿಲ್ಲ, ಮೊದಲ ಸಲಕ್ಕೇ ಹತ್ತು, ಎಂದರೆ ಕೊನೆಯವನ ಎಡಗೈ, ಎಂದು ಒತ್ತುತ್ತಿದ್ದ, ಖಾಲಿ ಬರುತ್ತಿತ್ತು, ಮಷೀನಿಗೆ ಬೈಯುತ್ತಿದ್ದ.

ಕಾಲೇಜು ಮುಗಿದ ವರ್ಷ ಇಬ್ಬರಿಗೂ ಸೈನ್ಯದ ಕರೆ ಬಂತು. ಅಪ್ಪನ ಹಳೆಯ ಸ್ನೇಹಿತರೊಬ್ಬರು ಸೈನ್ಯದ ಕಚೇರಿಯಲ್ಲಿದ್ದರು. ರಂಜಾನ್ ಸಮಯಕ್ಕೆ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದರು: "ಕಂಪ್ಯೂಟರ್ ಬರೋ ಒಬ್ಬ ಬೇಕು, ಇಲ್ಲೇ ಬಾಗ್ದಾದಲ್ಲಿ. ಒಬ್ಬನೇ. ಇನ್ನೊಬ್ಬ ಗಡಿಗೆ. ಯಾರು ಅಂತ ನಾನು ಹೇಳಲ್ಲ, ಆ ಪಾಪ ನನಗೆ ಬೇಡ. ನೀವೇ ಒಂದು ಹೆಸರು ಕೊಡಿ."

ಆಮೇಲೆ ಶುರುವಾಯಿತು ನೀನು ಇರು, ನೀನು ಇರು. ಹಾಜಿಮ್ ಹೇಳಿದ, "ನಿಂಗೆ ಅಮ್ಮ ಇದಾರೆ, ತಂಗಿ ಇದಾಳೆ. ನಂಗ್ಯಾರಿದಾರೆ?" ಅವನನ್ನು ಸಾಕಿದ್ದ ಚಿಕ್ಕಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು. ಅಣ್ಣ ಹೇಳಿದ, "ನಿನ್ನ ಕೈಗೆ ಬಂದೂಕು ಕೊಟ್ರೆ ನಮ್ಮೋರನ್ನೇ ಸುಡ್ತೀಯ." ಯಾರೂ ಸೋಲಲಿಲ್ಲ. ಕೊನೆಗೊಂದು ಸಂಜೆ, ಉಪವಾಸ ಬಿಟ್ಟ ಮೇಲೆ, ಅಣ್ಣನೇ ಹೇಳಿದ: "ಮ್ಹೇಬಿಸ್ ಆಡೋಣ, ಮಷೀನಲ್ಲಿ. ಯಾರಿಗೆ ಉಂಗುರ ಬೇಗ ಸಿಗತ್ತೋ ಅವನು ಬಾಗ್ದಾದಲ್ಲಿ. ಮಷೀನಿಗೆ ಅಮ್ಮನೂ ಇಲ್ಲ, ತಂಗೀನೂ ಇಲ್ಲ. ಆಮೇಲೆ ಮಾತು ಬೇಡ, ಒಪ್ಪಿಗೇನಾ?"

ನಾನು ಚಹಾದ ತಟ್ಟೆ ಹಿಡಿದು ಆಗಷ್ಟೇ ಒಳಗೆ ಬಂದಿದ್ದೆ. ಹಾಜಿಮ್ ಲೋಟ ತೆಗೆದುಕೊಂಡ. ಅಣ್ಣ ಲೋಟಕ್ಕೆ ಕೈ ಚಾಚಿ, ತೆಗೆದುಕೊಳ್ಳದೆ, ತಲೆ ಸ್ವಲ್ಪ ಓರೆ ಮಾಡಿ ನನ್ನ ಮುಖವನ್ನೇ ನೋಡಿದ. ನಾನು ತಟ್ಟೆ ನೋಡಿದೆ.

"ಒಂದು ಸಾಲು ಎಡವಟ್ಟಾಗಿದೆ, ಸರಿ ಮಾಡ್ತೀನಿ. ನೀನು ಹೋಗಿ ಒಂದು ಸಿಗರೇಟು ಸೇದ್ಕೊಂಡು ಬಾ, ದಿನವೆಲ್ಲ ಸೇದಿಲ್ಲ ಪಾಪ," ಎಂದ ಹಾಜಿಮ್‌ಗೆ. ಇವನು ಅಂಗಳಕ್ಕೆ ಹೋದ. ಅಣ್ಣ ನಮ್ಮೆಲ್ಲರಿಗೆ ಬೆನ್ನು ಹಾಕಿ ಟಕಟಕ ಒತ್ತಿದ, ರೂಢಿಯಂತೆ ಕ್ಯಾಸೆಟ್ಟಿಗೆ ಉಳಿಸಿದ, ಸ್ನೇಹಿತನನ್ನು ಕೂಗಿದ.

ಹಾಜಿಮ್ ತನ್ನ ಹೆಸರು ಒತ್ತಿದ. ಆಮೇಲೆ, ಇನ್ನೇನು, ಹತ್ತು. ಉಂಗುರ ಸಿಕ್ಕಿತು! ಅಷ್ಟು ವರ್ಷದ ಆಟದಲ್ಲಿ ಮೊದಲ ಮುಷ್ಟಿಗೇ ಸಿಕ್ಕಿತು. ಅಣ್ಣ ತನ್ನ ಹೆಸರು ಒತ್ತಿ ಮೂರು ಮುಷ್ಟಿ ಬಿಚ್ಚಿಸಿದ, ಮೂರೂ ಖಾಲಿ. "ಸಾಕಪ್ಪಾ, ಸೋತೆ," ಎಂದು ನಕ್ಕು ಸ್ವಿಚ್ಚು ಆರಿಸಿದ. ಸೋತವರು ಸಿಹಿ ತರಿಸಬೇಕು ಎಂಬುದು ಆಟದ ಪದ್ಧತಿ. ಅವನೇ ಹೋಗಿ ಜಲಾಬಿಯಾ ತಂದ. ಹಾಜಿಮ್‌ಗೆ ಗಂಟಲಲ್ಲಿ ಇಳಿಯಲಿಲ್ಲ. ಅಣ್ಣ ಬೆರಳು ನೆಕ್ಕಿಕೊಂಡು ತಿಂದ.

ಈದ್ ಮುಗಿದ ಮೇಲೆ ಅವನು ಹೋದ. ಮುಂದಿನ ರಂಜಾನ್ ಶುರುವಾದ ದಿನ ಗಡಿಯ ಫಾವ್‌ನಲ್ಲಿ ದೊಡ್ಡ ಕಾಳಗವಾಯಿತು. ಗೆದ್ದೆವು ಎಂದು ರೇಡಿಯೋ ದಿನವಿಡೀ ಕೂಗಿತು. ಅಣ್ಣ ಬರಲಿಲ್ಲ. ಹೆಣವೂ ಬರಲಿಲ್ಲ. ಕಾಣೆಯಾಗಿದ್ದಾನೆ ಎಂದರು.

ಕಾಣೆಯಾದವನ ತಾಯಿಗೆ ಅಳುವ ಹಕ್ಕೂ ಇರುವುದಿಲ್ಲ. ಅತ್ತರೆ ಮಗ ಸತ್ತನೆಂದು ಒಪ್ಪಿಕೊಂಡ ಹಾಗೆ. ಯುದ್ಧ ಮುಗಿದು ಸೆರೆ ಸಿಕ್ಕಿದ್ದವರನ್ನು ಬಸ್ಸುಗಳಲ್ಲಿ ಕರೆತರತೊಡಗಿದಾಗ ಅಮ್ಮ ಅಣ್ಣನ ಫೋಟೋ ಹಿಡಿದು ಹೋಗುತ್ತಿದ್ದಳು. ಒಂದೊಂದೇ ಬಸ್ಸು ಹತ್ತಿ, ಗಡ್ಡ ಬೆಳೆದು ಗುರುತೇ ಸಿಗದ ಹುಡುಗರ ಗಲ್ಲ ಹಿಡಿದೆತ್ತಿ ನೋಡಿ, ಇಳಿದು, ಮುಂದಿನ ಬಸ್ಸು ಹತ್ತುತ್ತಿದ್ದಳು. ಜೊತೆಗೆ ಹಾಜಿಮ್ ಹೋಗುತ್ತಿದ್ದ. ಬಸ್ಸುಗಳು ಬರುವುದು ನಿಂತ ಮೇಲೂ ವರ್ಷಗಳ ಕಾಲ ಹೋದರು.

ಅಷ್ಟರಲ್ಲಿ ನಮ್ಮ ಮದುವೆಯಾಗಿತ್ತು. ಅಮ್ಮನೇ ಮಾಡಿಸಿದಳು. ಮಗ ಹುಟ್ಟಿದರೆ ಅಣ್ಣನ ಹೆಸರಿಡೋಣ ಎಂದು ಹಾಜಿಮ್ ಬಾಯಿ ತಪ್ಪಿ ಅಂದಾಗ ಅಮ್ಮ ಉರಿದುಬಿದ್ದಳು: "ಬದುಕಿರೋನ ಹೆಸರು ಯಾಕಿಡ್ತೀಯ? ಅವನು ಬಂದ್ರೆ ಯಾರನ್ನ ಕೂಗಿದೆ ಅಂತ ತಿಳ್ಕೋತಾನೆ?" ಹುಟ್ಟಿದ್ದು ಮಗಳು, ಶಹ್ಲಾ. ಅಂದಿನಿಂದ ಇವನು ನನಗೆ ಅಬೂ ಶಹ್ಲಾ, ಶಹ್ಲಾಳ ಅಪ್ಪ.

ಅಣ್ಣ ಹೋದ ಮೇಲೆ ಹಾಜಿಮ್ ಕಚೇರಿಯಲ್ಲಿ ಹೇಳಿದ್ದನ್ನು ಒತ್ತಿ ಬಂದನೇ ಹೊರತು ಸಂತೋಷಕ್ಕೆಂದು ಒಂದು ಸಾಲೂ ಬರೆಯಲಿಲ್ಲ. ದೇಶಕ್ಕೆ ದಿಗ್ಬಂಧನ ಹಾಕಿ ಅನ್ನಕ್ಕೂ ಪರದಾಡಿದ ವರ್ಷಗಳಲ್ಲಿ ಆ ಕೀಲಿಮಣೆ ಕೊಟ್ಟು ಒಂದು ಮೂಟೆ ಹಿಟ್ಟು ತಂದ. ಹಿಟ್ಟು ತಿಂದೆವು, ಮುಗಿಯಿತು. "ನಸೀಬು, ವಿದಾದ್. ಉಂಗುರ ನನ್ನ ಕೈಗೆ ಬಂತು," ಎಂದು ವರ್ಷಕ್ಕೊಮ್ಮೆ, ರಂಜಾನ್ ಬಂದಾಗ, ನನ್ನ ಹೆಸರು ಹಿಡಿದು ಹೇಳುತ್ತಿದ್ದ. ನಾನೂ ನಸೀಬು ಎನ್ನುತ್ತಿದ್ದೆ. ಆ ಪದ ಹಿಡಿದುಕೊಂಡೇ ಇಬ್ಬರೂ ಸಂಸಾರ ಮಾಡಿದೆವು, ನಕ್ಕೆವು, ಮಗಳ ಮದುವೆ ಮಾಡಿದೆವು. ಅಮ್ಮ ಹೋದ ವರ್ಷ ತೀರಿಕೊಂಡಳು. ಕೊನೆಯವರೆಗೂ ಬೀದಿ ಬಾಗಿಲಿಗೆ ಅಗುಳಿ ಹಾಕಲು ಬಿಡಲಿಲ್ಲ.

ಕಳೆದ ಚಳಿಗಾಲ ಪಕ್ಕದ ಬೀದಿಯಲ್ಲಿರುವ ಶಹ್ಲಾ ಹೊಸ ಲ್ಯಾಪ್‌ಟಾಪ್ ಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟಳು. ಸುದ್ದಿ ನೋಡಲಿ ಎಂದು. ಇವನು ಅದರೊಳಗೆ ಏನೇನೋ ತಡಕಾಡಿ, ನಮ್ಮ ಹಳೆಯ ಕೀಲಿಮಣೆ ಕಂಪ್ಯೂಟರನ್ನೇ ಆ ಲ್ಯಾಪ್‌ಟಾಪಿನ ಪರದೆಯ ಮೇಲೆ ಎಬ್ಬಿಸುವ ಒಂದು ತಂತ್ರ ಹುಡುಕಿಕೊಂಡ. ಅದೇ ನೀಲಿ ಪರದೆ! ಅದೇ ಮಿಟುಕುವ ಚೌಕ! ಮನುಷ್ಯ ಹತ್ತು ನಿಮಿಷ ಬಾಯಿ ತೆರೆದು ಕೂತ. ಆಮೇಲೆ ಒಂದು ಸಾಲು ಬರೆದ. ಪರದೆಯ ತುಂಬ ನನ್ನ ಹೆಸರು ಮಳೆ ಸುರಿದ ಹಾಗೆ ಇಳಿಯಿತು.

"ನಿಲ್ಸು, ನಿಲ್ಸು, ಒಬ್ಬಳನ್ನೇ ಸಾಕೋಕಾಗಲ್ಲ ನಿಂಗೆ," ಎಂದೆ.

ಅಲ್ಲಿಂದ ಹುಚ್ಚು ಹಿಡಿಯಿತು. ಸರ್ಕಾರದ ಕರೆಂಟು ಬಂದರೆ ಮನೆಗೆ ಓಡಿ ಬರುವುದು, ಕೂರುವುದು, ಒತ್ತುವುದು. ಖರ್ಜೂರದ ಮರ ಬಿಡಿಸಿದ. ಜನರೇಟರಿನ ಎಣ್ಣೆ ಬದಲಿಸುವ ದಿನ ಹೇಳುವ ಪ್ರೋಗ್ರಾಂ ಬರೆದ, ಅದು ಪ್ರತಿದಿನವೂ ಇವತ್ತೇ ಎನ್ನುತ್ತಿತ್ತು. ತಪ್ಪಾಗಿದೆ ಎಂದು ಪರದೆ ಹೇಳಿದರೆ ಜನರೇಟರಿಗೆ ಬೈಯುವ ಬೈಗುಳಗಳನ್ನೆಲ್ಲ ಅದಕ್ಕೂ ಬೈಯುತ್ತಿದ್ದ.

"ಅಪ್ಪಾ, ಈ ಭಾಷೇಲಿ ಈಗ ಯಾರೂ ಬರೆಯಲ್ಲ. ಏನು ಉಪಯೋಗ ಇದ್ರಿಂದ?" ಎಂದಳು ಶಹ್ಲಾ.

"ಏನೂ ಇಲ್ಲ ಕಣಮ್ಮ. ಅದಕ್ಕೇ ಚೆನ್ನಾಗಿದೆ," ಎಂದ.

ಅವನು ಕೆಲಸ ಮಾಡುತ್ತ ಸಿಳ್ಳೆ ಹಾಕುವುದನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. ಗ್ಯಾಸಿನ ಮೇಲೆ ಬೇಳೆ ಇಟ್ಟು, ಕೇಳುತ್ತ ನಿಂತುಬಿಟ್ಟೆ. ಬೇಳೆ ಸೀದುಹೋಯಿತು.

ರಂಜಾನ್ ಹತ್ತಿರ ಬಂದಾಗ ಮ್ಹೇಬಿಸ್ ಬರೆಯಲು ಕೂತ. ನೆನಪಿನಿಂದಲೇ ಹತ್ತರ ಸಾಲುಗಳನ್ನೆಲ್ಲ ಬರೆದ. ಐದು ಜನ ಮೀಸೆಯವರು ಪರದೆಯ ಮೇಲೆ ಕೂತರು. ಆದರೆ ಮುಷ್ಟಿಯೊಳಗೆ ಉಂಗುರ ಇಡುವವರಿರಲಿಲ್ಲ.

"ಅದನ್ನೂ ನೀನೇ ಬರಿ. ಬರಲ್ವಾ ನಿಂಗೆ?" ಎಂದೆ.

"ಬರತ್ತೆ. ಎರಡು ನಿಮಿಷದ ಕೆಲಸ." ಕೀಲಿಯ ಮೇಲಿಂದ ಕೈ ತೆಗೆದ. "ಐದರ ಸಾಲು ನಾನು ಮುಟ್ಟಲ್ಲ, ವಿದಾದ್."

ಮರುದಿನವೂ ಹಾಗೇ ಕೂತಿದ್ದ. ನನಗೆ ನೋಡಲಾಗಲಿಲ್ಲ. ಅಮ್ಮನ ಹೊಲಿಗೆ ಸಾಮಾನಿನ ಡಬ್ಬಿಯಲ್ಲಿ, ದಾರದುಂಡೆಗಳ ಕೆಳಗೆ, ಅಣ್ಣನ ಕ್ಯಾಸೆಟ್ಟು ಇತ್ತು. ಅವನು ಕೊನೆಗೆ ಮುಟ್ಟಿದ ವಸ್ತು ಎಂದು ಅಮ್ಮ ಎತ್ತಿಟ್ಟಿದ್ದಳು. ಅದನ್ನು ತಂದು ಹಾಜಿಮ್‌ನ ಮುಂದಿಟ್ಟೆ. ಅಣ್ಣನ ಸಾಲುಗಳು ಮತ್ತೊಮ್ಮೆ ಓಡುವುದನ್ನು ನೋಡುವ ಆಸೆ ನನಗೂ ಇತ್ತು. ಅವನದು ಎನ್ನುವ ಏನಾದರೂ ಒಂದು ಈ ಮನೆಯಲ್ಲಿ ಅಲುಗಾಡಲಿ ಎಂದು.

ಪೆನ್ಸಿಲ್ ತೂರಿಸಿ ಟೇಪು ಬಿಗಿ ಮಾಡಿದ. ನೆರೆಯವರ ಹಳೆಯ ಪ್ಲೇಯರ್ ತಂದು ತಂತಿ ಸಿಕ್ಕಿಸಿದ. ಕಿರ್ರ್ ಎಂದು ಅದು ಅರಚಿತು. ಹಲವು ಸಲ ಸೋತು, ಕೊನೆಗೆ ಒಂದು ಮಧ್ಯಾಹ್ನ ನೀಲಿ ಪರದೆ ಕೇಳಿತು: "ನಿನ್ನ ಹೆಸರೇನು?"

ನಾನು ಅವನ ಭುಜ ಹಿಡಿದು ನಿಂತಿದ್ದೆ. ಅವನು ಹಾಜಿಮ್ ಎಂದು ಒತ್ತಿದ. ಆಮೇಲೆ ಹತ್ತು. ಉಂಗುರ ಸಿಕ್ಕಿತು! ಇಬ್ಬರೂ ಚಪ್ಪಾಳೆ ತಟ್ಟಿದೆವು. ನನ್ನ ಹೆಸರು ಒತ್ತಿ ನಾನೂ ಹತ್ತು ಎಂದೆ, ಖಾಲಿ, ಆಮೇಲೆ ಏಳರಲ್ಲಿ ಸಿಕ್ಕಿತು. ಮತ್ತೆ ಅವನು. ಹತ್ತು. ಸಿಕ್ಕಿತು.

"ಮುದುಕನ ಅದೃಷ್ಟ ನೋಡಪ್ಪಾ," ಎಂದು ನಕ್ಕೆ.

ಅವನು ನಗಲಿಲ್ಲ. ಮೂರನೆಯ ಸಲ ಒತ್ತಿದ, ಸಿಕ್ಕಿತು. ಪ್ರೋಗ್ರಾಮಿನ ಸಾಲುಗಳನ್ನು ಪರದೆಗೆ ಕರೆದ. ಆ ಭಾಷೆ ನನಗೆ ಓದಲು ಬರುವುದಿಲ್ಲ, ಅವನ ಬೆರಳು ಒಂದು ಕಡೆ ನಿಂತಿದ್ದು ಮಾತ್ರ ಕಂಡಿತು. ತಟ್ಟನೆ ಮುಚ್ಚಳ ಹಾಕಿದ. "ಟೇಪು ಹಾಳಾಗಿದೆ. ಹಳೇದಲ್ವಾ," ಎಂದು ಎದ್ದುಹೋದ.

ಆಮೇಲೆ ಸಿಳ್ಳೆ ನಿಂತಿತು. ಅವನು ಮತ್ತೆ ಲ್ಯಾಪ್‌ಟಾಪ್ ತೆರೆಯಲಿಲ್ಲ. ಉಪವಾಸ ಬಿಡುವಾಗ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ. ಸರ್ಕಾರದ ಕರೆಂಟು ಇರುವಾಗಲೂ ಶೆಡ್ಡಿನಲ್ಲಿ ಸುಮ್ಮನಿದ್ದ ಯಂತ್ರದ ಪಕ್ಕ ಕೂತಿರುತ್ತಿದ್ದ. ನಾನೂ ಗಜ್ವಾನ್‌ನ ತಂಗಿ. ಮುಷ್ಟಿಯಲ್ಲಿ ಏನೋ ಇಟ್ಟುಕೊಂಡವನ ಮುಖ ನನಗೂ ಗೊತ್ತಾಗುತ್ತದೆ. ಒಂದು ಮಧ್ಯಾಹ್ನ ಸೆರಗಿನಂತೆ ಅಬಾಯಾ ಹೊದ್ದು ನೆಟ್ಟಗೆ ಶೆಡ್ಡಿಗೆ ಹೋಗಿ ಎದುರು ನಿಂತೆ.

"ಅಬೂ ಶಹ್ಲಾ, ಮುಷ್ಟಿ ಬಿಚ್ಚು."

"ಏನಿಲ್ಲ, ಹೋಗು. ಬಿಸಿಲಿದೆ."

"ತಾ ಉಂಗುರ!" ಎಂದು ಕೂಗಿದೆ, ಅಣ್ಣ ಕೂಗುತ್ತಿದ್ದ ಹಾಗೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಆ ದೊಡ್ಡ ದೇಹ ಮುದುಡಿಹೋಯಿತು. ಎಣ್ಣೆ ಮೆತ್ತಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಮ್ಮನ ಶವದ ಮುಂದೆಯೂ ಅವನು ಹಾಗೆ ಅತ್ತಿರಲಿಲ್ಲ.

"ನಾನು ಗೆದ್ದೇ ಇರ್ಲಿಲ್ಲ, ವಿದಾದ್. ಅವತ್ತು ಅವನು ಒಂದು ಸಾಲು ತೂರಿಸಿದ್ದ. ಹೆಸರು ಹಾಜಿಮ್ ಅಂದ್ರೆ ಉಂಗುರ ಹತ್ತನೇ ಮುಷ್ಟೀಲಿ. ಅಷ್ಟೇ. ನಾನು ಹತ್ತೇ ಒತ್ತೋದು ಅಂತ ಅವನಿಗೆ ಗೊತ್ತಿತ್ತಲ್ಲ. ಓಡಿಸೋಕೆ ಮುಂಚೆ ಉಳಿಸೋ ಅಭ್ಯಾಸ, ಅದಕ್ಕೇ ಟೇಪಲ್ಲಿ ಉಳ್ಕೊಂಡ್ಬಿಟ್ಟಿದೆ. ಇಲ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ." ಮೂಗು ಒರೆಸಿಕೊಂಡ. "ನಸೀಬು ಅಂತ ಅಂದ್ಕೊಂಡು ಇಷ್ಟು ವರ್ಷ ಉಸಿರಾಡ್ದೆ. ನಿಮ್ಮಮ್ಮನ ಜೊತೆ ಬಸ್ ಹತ್ತಿದೆ. ಅವರ ಮಗನ ಜಾಗದಲ್ಲಿ ನಾನು ಕೂತಿದ್ದೆ. ಯಾಕೆ ಮಾಡ್ದ? ನಂಗ್ಯಾರಿದ್ರು ಅಂತ ಮಾಡ್ದ?"

ನನಗೆ ಯಾಕೆಂದು ಗೊತ್ತಾಗಿತ್ತು. ಅವನು ಹೇಳುತ್ತಿರುವಾಗಲೇ ಚಹಾದ ತಟ್ಟೆ ಕಣ್ಣಮುಂದೆ ಬಂದಿತ್ತು. ಹಾಜಿಮ್ ಮೇಲೆ ನನಗೆ ಮನಸ್ಸಿತ್ತು ಎಂದು ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗಿಲ್ಲ, ಗೆಳತಿಯರಿಗಿಲ್ಲ, ಇವನಿಗಂತೂ ಇಲ್ಲವೇ ಇಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ತಲೆ ಓರೆ ಮಾಡಿ ಒಂದು ಸಲ ನೋಡಿದ, ಅಷ್ಟೇ.

"ನಿಂಗೋಸ್ಕರ ಮಾತ್ರ ಅಲ್ಲ," ಎಂದೆ. "ನಾನಿದ್ದೆ ಅಂತ. ನನ್ನ ಮುಖ ಓದಿಬಿಟ್ಟ ಅವನು."

ಹಾಜಿಮ್ ತಲೆ ಎತ್ತಿ ನನ್ನನ್ನು ನೋಡಿದ. ಅಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಹಾಗೆ ನೋಡಿರಲಿಲ್ಲ. ಏನನ್ನೋ ಕದ್ದವರು ನೋಡಿಕೊಳ್ಳುವ ಹಾಗೆ. ಅಣ್ಣನ ಮೇಲೆ ನನಗೆ ಕೆಂಡದಂಥ ಕೋಪ ಬಂತು. ಯಾರು ಕೇಳಿದ್ದರು ಅವನನ್ನು? ಹೀಗೆ ಬೇಡ ಎಂದು ಹೇಳಲು ನನಗೊಂದು ಅವಕಾಶ ಕೊಡಬೇಡವೇ?

ಮನೆಗೆ ಬಂದೆವು. ಲ್ಯಾಪ್‌ಟಾಪ್ ನಾನೇ ತೆರೆದೆ.

"ಇನ್ನೊಂದು ಸಾಲಿದೆ. ಅವನ ಹೆಸರಿಗೆ. ಅದು ಬೇಡ," ಎಂದ ಹಾಜಿಮ್.

"ಸುಮ್ನಿರು."

ಪರದೆ ನನ್ನ ಹೆಸರು ಕೇಳಿತು. ಒಂದೊಂದೇ ಅಕ್ಷರ ಹುಡುಕಿ ಗಜ್ವಾನ್ ಎಂದು ಒತ್ತಿದೆ. ಅವನಿಗೊಂದು ಸಲವಾದರೂ ಉಂಗುರ ಸಿಗಲಿ ಎಂದುಕೊಂಡೆ. ಒಂದು ಎಂದೆ. ಐದು ಜನರಲ್ಲಿ ಮೊದಲನೆಯವನು ಬಲಗೈ ಬಿಚ್ಚಿದ, ಖಾಲಿ. ಎರಡು, ಖಾಲಿ. ಅಮ್ಮ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತಿದ್ದ ಕೈ ನೆನಪಾಯಿತು. ಮೂರು. ನಾಲ್ಕು. ಒಬ್ಬೊಬ್ಬರ ಗಲ್ಲ ಹಿಡಿದೆತ್ತಿ ನೋಡುತ್ತಿದ್ದಳು. ಐದು, ಆರು, ಏಳು, ಎಂಟು, ಎಲ್ಲ ಖಾಲಿ. ಇದಲ್ಲದಿದ್ದರೆ ಮುಂದಿನದರಲ್ಲಿ ಇರುತ್ತಾನೆ, ಬಾ ಹಾಜಿಮ್, ಎನ್ನುತ್ತಿದ್ದಳು. ಒಂಬತ್ತು. ಹತ್ತನ್ನು ಒತ್ತಿದೆ. ಕೊನೆಯವನು ತನ್ನ ಎಡಗೈ ಬಿಚ್ಚಿದ. ಅದೂ ಖಾಲಿ.

ತನ್ನ ಹೆಸರಿಗೆ ಅಣ್ಣ ಉಂಗುರವನ್ನೇ ಇಟ್ಟಿರಲಿಲ್ಲ. ಅಪ್ಪಿತಪ್ಪಿಯೂ ತಾನು ಗೆಲ್ಲಬಾರದು ಎಂದು.

ಉಂಗುರ ಸಿಗುವವರೆಗೆ ಕೇಳುತ್ತಲೇ ಇರಬೇಕು ಎಂಬುದು ಅಣ್ಣ ಆ ಪ್ರೋಗ್ರಾಮಿಗೆ ಕಲಿಸಿದ್ದ ಪಾಠ. ಇನ್ನೊಂದು ಮುಷ್ಟಿ ಹೇಳು, ಎಂದು ಅದು ಕೇಳಿತು. ಹಾಜಿಮ್ ಮುಚ್ಚಲು ಕೈ ಚಾಚಿದ. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇನ್ನೊಂದು ಮುಷ್ಟಿ ಹೇಳು, ಎಂದು ಪರದೆ ಕೇಳುತ್ತಲೇ ಇತ್ತು, ನಮ್ಮ ಹತ್ತಿರ ಬಿಚ್ಚಿಸಲು ಮುಷ್ಟಿ ಉಳಿದಿರಲಿಲ್ಲ.